ಅರ್ಧ ರೋಲ್ ಕೆಂಪು ಟೇಪು

ಮಗಳಿಗೆ ಎಲ್‌ಎಲ್, ಅಂದರೆ ಗಾಡಿ ಕಲಿಯೋರಿಗೆ ಕೊಡುವ ಲರ್ನರ್ ಲೈಸೆನ್ಸ್, ಬಂದ ದಿನ ಕುವೆಂಪುನಗರದ ಒಂದು ಎಲೆಕ್ಟ್ರಿಕಲ್ ಅಂಗಡಿಗೆ ಹೋಗಿ ಒಂದು ರೋಲ್ ಕೆಂಪು ಟೇಪ್ ತಂದೆ. ಎಲ್ ಸ್ಟಿಕ್ಕರ್ ರೆಡಿಮೇಡ್ ಸಿಗುತ್ತದೆ, ಗೊತ್ತು. ಆದರೆ ಅದು ಅಂಗೈಯಷ್ಟೂ ಇರಲಿಲ್ಲ. ನಿಯಮದಲ್ಲಿ ಆ ಅಕ್ಷರಕ್ಕೂ ಅಳತೆ ಬರೆದಿದ್ದಾರೆ: 18 ಸೆಂಟಿಮೀಟರ್ ಚೌಕದ ಬಿಳಿ ಹಲಗೆ, ಅದರ ಮೇಲೆ 10 ಸೆಂಟಿಮೀಟರ್ ಎತ್ತರ, 2 ಸೆಂಟಿಮೀಟರ್ ದಪ್ಪದ ಕೆಂಪು ಎಲ್. ಮಾಡೋದಾದರೆ ಸರಿಯಾಗೇ ಮಾಡೋಣ ಅಂತ ಸೀರೆ ಡಬ್ಬದ ರಟ್ಟು ಕತ್ತರಿಸಿ, ಬಿಳಿ ಹಾಳೆ ಅಂಟಿಸಿ, ಸ್ಕೇಲ್ ಹಿಡಿದು ಕೂತೆ.

ಮಗಳು ಬಂದು ನೋಡಿ ನಕ್ಕಳು. "ಅಮ್ಮ, ಇಷ್ಟು ದೊಡ್ಡದು ಸ್ಕೂಟರಿಗೆ ಕಟ್ಟಿದ್ರೆ ಹೆಡ್‌ಲೈಟೇ ಮುಚ್ಚೋಗುತ್ತೆ."

ಕಟ್ಟಿದೆವು. ಹೆಡ್‌ಲೈಟ್ ಅರ್ಧ ಮುಚ್ಚಿಹೋಯಿತು.

ಎಲ್‌ಎಲ್ ಪರೀಕ್ಷೆ ಬಗ್ಗೆ ಜಾಸ್ತಿ ಹೇಳೋದಿಲ್ಲ. ಆಧಾರ್ ಇದ್ದರೆ ಮನೆಯಲ್ಲೇ ಕೂತು ಬರೆಯಬಹುದು, ನೂರಕ್ಕೆ 60 ಬಂದರೆ ಪಾಸು. ನಮ್ಮ ಬೀದಿಯಲ್ಲೇ ಒಬ್ಬ ಹುಡುಗನ ಪರೀಕ್ಷೆಯನ್ನು ಅವನ ಅಕ್ಕ ಪಕ್ಕದಲ್ಲಿ ನಿಂತು ಬರೆಸಿದಳು. ಇರಲಿ. ನನಗೆ ತಲೆ ಕೆಡಿಸಿದ್ದು ಪರೀಕ್ಷೆ ಅಲ್ಲ, ಆಮೇಲಿನದು.

1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಮೂರನೇ ನಿಯಮ ಅಂತ ಒಂದಿದೆ. ಲೈಸೆನ್ಸ್ ಇಲ್ಲದೆ ಯಾರೂ ಗಾಡಿ ಓಡಿಸುವಂತಿಲ್ಲ ಎಂದು ಕಾನೂನು ಹೇಳಿದ ಮೇಲೆ ಕಲಿಯೋರು ಏನು ಮಾಡಬೇಕು? ಅವರಿಗೆ ಅಂತ ಈ ವಿನಾಯಿತಿ. ಎಲ್‌ಎಲ್ ಇರಬೇಕು, ಹಿಂದೆ ಮುಂದೆ ಎಲ್ ಇರಬೇಕು, ಜೊತೆಗೆ ಆ ಗಾಡಿ ಓಡಿಸಲು ಪಕ್ಕಾ ಲೈಸೆನ್ಸ್ ಇರುವ ಒಬ್ಬರು ಕೂತಿರಬೇಕು. ಅದೂ ಸುಮ್ನೆ ಕೂತರೆ ಆಗದು, ಗಾಡಿಯನ್ನು ಹತೋಟಿಗೆ ತರುವ ಅಥವಾ ನಿಲ್ಲಿಸುವ ಹಾಗೆ ಕೂತಿರಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ವಿನಾಯಿತಿ ಹೋಯಿತು. ಅಂದರೆ ಎಲ್‌ಎಲ್ ಜೇಬಿನಲ್ಲಿದ್ದರೂ ಒಬ್ಬರೇ ಹೋದರೆ ಲೈಸೆನ್ಸೇ ಇಲ್ಲದೆ ಓಡಿಸಿದ ಲೆಕ್ಕ.

ಸರಿ, ನನಗೆ 2017ರಿಂದ ಡಿಎಲ್ ಇದೆ, ನಾನೇ ಕೂರುತ್ತೇನೆ ಅಂತ ಹಿಂದೆ ಹತ್ತಿದೆ.

ರಿಂಗ್ ರೋಡಿನ ಆಚೆ ಒಂದು ಬಡಾವಣೆ. ರಸ್ತೆ ಇದೆ, ಚರಂಡಿ ಇದೆ, ಕರೆಂಟ್ ಕಂಬ ಇದೆ, ಮನೆಗಳು ಮಾತ್ರ ಇನ್ನೂ ಬಂದಿಲ್ಲ. ಸೈಟ್‌ಗಳ ತುಂಬ ಪಾರ್ಥೇನಿಯಂ. ಭಾನುವಾರ ಬೆಳಿಗ್ಗೆ ನೋಡಬೇಕು ಅಲ್ಲಿ, ಅರ್ಧ ಮೈಸೂರಿನ ಎಲ್ ಬೋರ್ಡುಗಳೆಲ್ಲ ಅಲ್ಲೇ ಸುತ್ತುತ್ತಿರುತ್ತವೆ. ಡ್ರೈವಿಂಗ್ ಸ್ಕೂಲಿನ ಕಾರುಗಳು, ಹೆಂಡತಿಗೆ ಕಲಿಸುತ್ತಾ ಬೈಯುತ್ತಿರುವ ಗಂಡಂದಿರು, ಎಮ್ಮೆಗಳು, ನಾವು.

ಸ್ಕೂಟರಿನಲ್ಲಿ ಹಿಂದೆ ಕೂತವರ ಕೈಗೆ ಏನು ಸಿಗುತ್ತದೆ ಹೇಳಿ? ಬ್ರೇಕ್ ಸಿಗೋದಿಲ್ಲ. ಆಕ್ಸಿಲರೇಟರ್ ಸಿಗೋದಿಲ್ಲ. ಮಗಳ ಹೆಗಲು ಸಿಗುತ್ತದೆ, ಅದನ್ನು ಗಟ್ಟಿಯಾಗಿ ಹಿಡಿದರೆ ಅವಳು ಕೈ ತಿರುಗಿಸಿ ಇನ್ನೂ ಜೋರಾಗಿ ಹೋಗುತ್ತಾಳೆ. ಉಳಿದಿದ್ದು ನನ್ನ ಗಂಟಲು. "ಹಂಪು, ಹಂಪು, ಹಂಪೂ..." ಅಂತ ಕಿರುಚೋದು. ನಿಯಮ ಹೇಳುವ ಹತೋಟಿ ಅಂದರೆ ಇಷ್ಟೇ. ಈ ನಿಯಮ ಬರೆದವರ ತಲೆಯಲ್ಲಿ ಇದ್ದಿದ್ದು ಕಾರು. ನಮ್ಮ ಊರಿನಲ್ಲಿ ಕಲಿಯೋರಲ್ಲಿ ಮುಕ್ಕಾಲು ಪಾಲು ಕಲಿಯೋದು ಸ್ಕೂಟರು, ಬೈಕು. ಹೊಸಬರಿಗೆ ಹಿಂದೆ 65 ಕೆಜಿ ಕೂರಿಸಿದರೆ ಬ್ಯಾಲೆನ್ಸ್ ತಪ್ಪುವುದೇ ಜಾಸ್ತಿ. (65 ಅಂತ ನಾನು ಹೇಳುತ್ತಿದ್ದೇನೆ, ಮಗಳ ಲೆಕ್ಕ ಬೇರೆ.)

ಐದನೇ ದಿನ ನಾನು ಇಳಿದು ಕಂಬದ ಪಕ್ಕ ನಿಂತೆ. ಅವಳು ಒಬ್ಬಳೇ ಸುತ್ತು ಹೊಡೆದಳು. ಆಶ್ಚರ್ಯ, ನಾನಿಲ್ಲದೆ ಚೆನ್ನಾಗೇ ಓಡಿಸಿದಳು. ಹತ್ತನೇ ದಿನಕ್ಕೆ ಎಂಟು ಹಾಕಿದಳು, ಕಾಲು ಕೆಳಗಿಡದೆ. ಅವತ್ತು ರಾತ್ರಿ ಊಟದ ಹೊತ್ತಿಗೆ ಮಾತು ತೆಗೆದಳು, "ನಾಳೆಯಿಂದ ಕಾಲೇಜಿಗೆ ಸ್ಕೂಟರಲ್ಲೇ ಹೋಗ್ಲಾ?"

"ಡಿಎಲ್ ಬರಲಿ."

"ಅದಕ್ಕೆ ಒಂದು ತಿಂಗಳು ಕಾಯಬೇಕಮ್ಮ. ನನ್ನ ಕ್ಲಾಸಲ್ಲಿ ಎಲ್ರೂ ಎಲ್‌ಎಲ್ಲಲ್ಲೇ ಬರ್ತಾರೆ. ಯಾರೂ ಹಿಂದೆ ಅಮ್ಮನ್ನ ಕೂರಿಸ್ಕೊಂಡು ಬರಲ್ಲ."

"ಪೊಲೀಸರು ಹಿಡೀತಾರೆ."

"ಎಲ್ ಅಂಟಿಸಿದ್ರೇ ತಾನೆ ಹಿಡಿಯೋದು? ಕಿತ್ತು ಬಿಸಾಕಿದ್ರೆ ಯಾರಿಗೆ ಗೊತ್ತಾಗುತ್ತೆ?"

ನನ್ನ ಬಾಯಿ ಕಟ್ಟಿಹೋಯಿತು. ಅವಳು ಹೇಳಿದ್ದು ಸರಿಯಾಗಿತ್ತು. ರಸ್ತೆ ಬದಿ ನಿಂತ ಪೊಲೀಸರ ಕಣ್ಣಿಗೆ ನನ್ನ ಮಗಳು ಕಲಿಯುವವಳು ಅಂತ ಕಾಣೋದು ಆ ರಟ್ಟಿನಿಂದ ಮಾತ್ರ. ರಟ್ಟು ಇದ್ದು ಹಿಂದಿನ ಸೀಟು ಖಾಲಿ ಇದ್ದರೆ ತಪ್ಪು ಎದ್ದು ಕಾಣುತ್ತದೆ. ರಟ್ಟು ಇಲ್ಲದಿದ್ದರೆ ಹೆಲ್ಮೆಟ್ ಹಾಕಿದ ಇನ್ನೊಬ್ಬ ಹುಡುಗಿ, ಅಷ್ಟೇ. ನಿಯತ್ತಾಗಿ ಎಲ್ ಕಟ್ಟಿಕೊಂಡವರಿಗೇ ದಂಡ. ದಶಪಥ ಹೆದ್ದಾರಿಯಲ್ಲಿ ಸಾಲಾಗಿ ಹಾಕಿದ್ದಾರಲ್ಲ ಕ್ಯಾಮೆರಾ, ಅದಕ್ಕೆ ನಂಬರ್ ಪ್ಲೇಟ್ ಕಾಣುತ್ತದೆ, ಸ್ಪೀಡ್ ಗೊತ್ತಾಗುತ್ತದೆ, ಬೆಲ್ಟ್ ಕಾಣುತ್ತದೆ. ಓಡಿಸುವವರ ಪರ್ಸಿನಲ್ಲಿರುವುದು ಎಲ್‌ಎಲ್ಲೋ ಡಿಎಲ್ಲೋ ಅನ್ನೋದು ಕಾಣೋದಿಲ್ಲ. ಇದನ್ನು ಹಿಡಿಯಬೇಕಾದರೆ ಒಬ್ಬ ಮನುಷ್ಯ ರಸ್ತೆಗೆ ಇಳಿದು ಗಾಡಿ ನಿಲ್ಲಿಸಲೇಬೇಕು.

ನಿಲ್ಲಿಸೋದು ಅಂದ ಕೂಡಲೇ ಮಂಡ್ಯ ನೆನಪಾಗುತ್ತದೆ. 2025ರ ಮೇ ತಿಂಗಳಲ್ಲಿ ಅಲ್ಲಿ ಹೆಲ್ಮೆಟ್ ತಪಾಸಣೆಗೆ ಅಂತ ಬೈಕ್ ತಡೆದಾಗ, ಆಸ್ಪತ್ರೆಗೆ ಹೊರಟಿದ್ದ ಅಪ್ಪ ಅಮ್ಮನ ಕೈಯಿಂದ ಪುಟ್ಟ ಮಗು ರಸ್ತೆಗೆ ಬಿದ್ದು ಲಾರಿಗೆ ಸಿಕ್ಕಿ ತೀರಿಕೊಂಡಿತು. ಮೂರು ಜನ ಎಎಸ್‌ಐಗಳು ಅಮಾನತಾದರು. ಕಣ್ಣಿಗೆ ಕಾಣುವ ತಪ್ಪು ಇಲ್ಲದೆ ಗಾಡಿ ತಡೆಯಬಾರದು, ಏಕಾಏಕಿ ಅಡ್ಡ ಬರಬಾರದು, ಕೀ ಕಿತ್ತುಕೊಳ್ಳಬಾರದು ಅಂತ ರಾಜ್ಯದ ಪೊಲೀಸ್ ಮುಖ್ಯಸ್ಥರಿಂದ ಸೂಚನೆ ಹೋಯಿತು. ನಾನು ಮಂಡ್ಯ ಜಿಲ್ಲೆಯಲ್ಲೇ ಹುಟ್ಟಿ ಬೆಳೆದವಳು. ಆ ವಾರ ನಮ್ಮ ಕಡೆಯ ಯಾರಿಗೆ ಫೋನ್ ಮಾಡಿದರೂ ಅದೇ ಮಾತು. ಪೊಲೀಸರು ಇನ್ನೂ ಬಿಗಿಯಾಗಬೇಕು ಅಂತ ಬರೆಯೋಕೆ ಹೊರಟಾಗಲೆಲ್ಲ ಆ ಮಗು ಅಡ್ಡ ಬರುತ್ತದೆ. ಬರಬೇಕು ಕೂಡ.

ಮತ್ತೆ ಊಟದ ಮೇಜಿಗೆ ಬರುತ್ತೇನೆ. ಮಗಳು ಅಷ್ಟಕ್ಕೇ ಬಿಡಲಿಲ್ಲ. "ನೀನು ಎಲ್‌ಎಲ್ಲಲ್ಲಿ ಕಾರು ಓಡಿಸಿಲ್ವಾ? ಅದೂ ನನ್ನನ್ನ ಹಿಂದೆ ಕೂರಿಸ್ಕೊಂಡು?" ಅಂದಳು. ನಮ್ಮನೆಯವರು ತಟ್ಟೆ ನೋಡಿಕೊಂಡು ಮೊಸರನ್ನ ಕಲಸತೊಡಗಿದರು.

ಓಡಿಸಿದ್ದೆ. 2016, ದಸರಾಗೆ ಇನ್ನೂ ಹತ್ತು ಹದಿನೈದು ದಿನ ಇತ್ತು. ನಾನು ಡ್ರೈವಿಂಗ್ ಸ್ಕೂಲಿಗೆ ಸೇರಿ ಕ್ಲಾಸೆಲ್ಲ ಮುಗಿಸಿದ್ದೆ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಎರಡು ಕಡೆ ಬ್ರೇಕ್ ಇರುತ್ತದೆ, ನಿಮಗೆ ಗೊತ್ತಿರಬಹುದು. ಇರಲೇಬೇಕು ಅಂತ ನಿಯಮವೂ ಇದೆ. ನಮ್ಮ ಮೇಷ್ಟ್ರು ಆ ಕಡೆ ಕೂತು ಫೋನಿನಲ್ಲಿ ಸೈಟ್ ವ್ಯಾಪಾರ ಮಾತಾಡುತ್ತಲೇ ಕಾಲಲ್ಲಿ ಎಲ್ಲವನ್ನೂ ನಿಭಾಯಿಸುತ್ತಿದ್ದರು. ನಾನು ಸ್ಟೇರಿಂಗ್ ಹಿಡಿದು, ಆಹಾ, ಎಷ್ಟು ನಯವಾಗಿ ನಿಲ್ಲಿಸುತ್ತೇನೆ ಅಂದುಕೊಳ್ಳುತ್ತಿದ್ದೆ. ನಿಲ್ಲಿಸುತ್ತಿದ್ದವರು ಅವರು. ನಮ್ಮ ಮನೆ ಕಾರು ಹತ್ತಿದ ದಿನ ಗೊತ್ತಾಯಿತು, ನಾನು ಇಷ್ಟು ದಿನ ಅರ್ಧ ಮಾತ್ರ ಓಡಿಸುತ್ತಿದ್ದೆ ಅಂತ.

ಅವತ್ತು ಮಗಳಿಗೆ ಸಂಜೆ ಡ್ಯಾನ್ಸ್ ಕ್ಲಾಸ್. ಒಂಬತ್ತು ವರ್ಷ ಅವಳಿಗೆ. ಆಟೋ ಸಿಗುತ್ತಿತ್ತು, ಬಸ್ಸೂ ಇತ್ತು. ತುರ್ತು ಏನೂ ಇರಲಿಲ್ಲ, ಸುಳ್ಳು ಯಾಕೆ ಹೇಳಲಿ. ಕಾರು ಬಾಗಿಲಲ್ಲಿ ನಿಂತಿತ್ತು, ಕೀ ಗೋಡೆ ಮೊಳೆಯಲ್ಲಿ ನೇತಾಡುತ್ತಿತ್ತು, ನಮ್ಮನೆಯವರು ಹಾಸನಕ್ಕೆ ಹೋಗಿದ್ದರು. ಹತ್ತು ನಿಮಿಷದ ದಾರಿ ತಾನೆ ಅಂದುಕೊಂಡೆ.

ಮಧ್ಯದಲ್ಲಿ ಒಂದು ಸರ್ಕಲ್. ಯಾವುದು ಅಂತ ಬೇಡ. ಸಿಗ್ನಲ್ ಕೆಂಪಿತ್ತು, ನಿಲ್ಲಿಸಿದೆ. ಹಸಿರು ಬಂತು. ಕ್ಲಚ್ ಬಿಟ್ಟೆ, ಗಾಡಿ ಆಫ್. ಮತ್ತೆ ಸ್ಟಾರ್ಟ್ ಮಾಡಿದೆ, ಎಗರಿ ಮತ್ತೆ ಆಫ್. ಹಿಂದೆ ಸಿಟಿ ಬಸ್ಸು. ಹಾರ್ನ್ ಶುರುವಾಯಿತು ನೋಡಿ, ಮೈಸೂರಿನವರಿಗೆ ತಾಳ್ಮೆ ಜಾಸ್ತಿ ಅನ್ನುತ್ತಾರಲ್ಲ, ಅದು ಸಿಗ್ನಲ್ಲಿನಲ್ಲಿ ನಿಂತ ಹೆಂಗಸಿನ ಕಾರಿಗೆ ಅನ್ವಯಿಸೋದಿಲ್ಲ. ಮೂರನೇ ಸಲ ಆಫ್ ಆದಾಗ ಸಿಗ್ನಲ್ ಮತ್ತೆ ಕೆಂಪಾಗಿತ್ತು, ಟ್ರಾಫಿಕ್ ಪೊಲೀಸರೊಬ್ಬರು ಕಿಟಕಿ ಹತ್ತಿರ ಬಂದಿದ್ದರು. ವಯಸ್ಸಾದವರು. ಎಲ್ ಸ್ಟಿಕ್ಕರ್ ನೋಡಿದರು, ಖಾಲಿ ಸೀಟು ನೋಡಿದರು, ಹಿಂದೆ ಗೆಜ್ಜೆ ಚೀಲ ತಬ್ಬಿಕೊಂಡು ಕೂತಿದ್ದ ಮಗುವನ್ನು ನೋಡಿದರು.

"ಪಕ್ಕದಲ್ಲಿ ಯಾರೂ ಇಲ್ವೇನಮ್ಮ?"

ಬದಿಗೆ ಹಾಕಿಸಿದರು. ಅಂದರೆ ನಾನು ಹಾಕಲಿಲ್ಲ, ಅವರೂ ಇನ್ನೊಬ್ಬರೂ ಸೇರಿ ತಳ್ಳಿದರು. ದಂಡ ಹಾಕಿ ಚೀಟಿ ಕೊಟ್ಟರು. ನಾನು ಕಟ್ಟಿದೆ. ಆಮೇಲೆ ಏನು ಮಾಡಿದರು ಗೊತ್ತಾ? ನಡು ರಸ್ತೆಗೆ ಹೋಗಿ, ಎರಡೂ ಕೈ ಚಾಚಿ, ಎರಡೂ ಕಡೆಯ ಟ್ರಾಫಿಕ್ ನಿಲ್ಲಿಸಿ, ನನ್ನನ್ನು ಕರೆದರು. "ಬನ್ನಿಮ್ಮ, ನಿಧಾನ, ಹಾಫ್ ಕ್ಲಚ್ಚಲ್ಲಿ ಬನ್ನಿ." ಆ ಸಲ ಗಾಡಿ ಆಫ್ ಆಗಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಅವರು ಕೈ ಬೀಸುತ್ತಿದ್ದರು.

ವರ್ಷಗಟ್ಟಲೆ ಇದನ್ನು ನಾನು ಒಳ್ಳೆ ಪೊಲೀಸರ ಕಥೆ ಅಂತಲೇ ಹೇಳಿಕೊಂಡು ಬಂದೆ. ಒಳ್ಳೆಯವರೇ, ಅನುಮಾನ ಇಲ್ಲ. ಆದರೆ ಈಗ ಮಗಳ ಪ್ರಶ್ನೆ ಆದ ಮೇಲೆ ಯೋಚಿಸಿದರೆ ಮೈ ಜುಂ ಅನ್ನುತ್ತದೆ. ಈ ಹೆಂಗಸು ಒಬ್ಬಳೇ ಕಾರು ಓಡಿಸುವಂತಿಲ್ಲ ಅಂತ ಸರ್ಕಾರದ ಪರವಾಗಿ ಚೀಟಿ ಬರೆದವರು, ಎರಡು ನಿಮಿಷ ಬಿಟ್ಟು ಅದೇ ಹೆಂಗಸನ್ನು, ಈಗ ಕೈ ಬೇರೆ ನಡುಗುತ್ತಿರುವ ಹೆಂಗಸನ್ನು, ಮಗುವಿನ ಸಮೇತ ಆಫೀಸು ಬಿಡುವ ಹೊತ್ತಿನ ರಸ್ತೆಗೆ ಬಿಟ್ಟರು. ದಂಡ ಕಟ್ಟುವ ಮುಂಚೆ ಎಷ್ಟು ಅಪಾಯ ಇತ್ತೋ ಕಟ್ಟಿದ ಮೇಲೂ ಅಷ್ಟೇ ಇತ್ತು. ಸ್ವಲ್ಪ ಜಾಸ್ತಿಯೇ ಇತ್ತು ಅನ್ನಿ, ಯಾಕೆಂದರೆ ಮನೆ ಗೇಟಿನ ಕಂಬಕ್ಕೆ ಎಡಗಡೆ ಬಾಗಿಲು ಉಜ್ಜಿಕೊಂಡೇ ಒಳಗೆ ಹೋದೆ.

ಆ ಗೀರಿನಿಂದಲೇ ನಾನು ಮೊದಲ ಸಲ ಇನ್ಶೂರೆನ್ಸ್ ಪೇಪರ್ ಓದಿದ್ದು. ಯಾರೂ ಓದೋದಿಲ್ಲ ಅದನ್ನ. ನಿಮ್ಮದೂ ತೆಗೆದು ನೋಡಿ, ಯಾರು ಓಡಿಸಬಹುದು ಅನ್ನುವ ಕಡೆ ಸಣ್ಣ ಅಕ್ಷರದಲ್ಲಿ ಇರುತ್ತದೆ: ಎಲ್‌ಎಲ್ ಇರುವವರೂ ಓಡಿಸಬಹುದು, ಆದರೆ ಮೂರನೇ ನಿಯಮ ಪಾಲಿಸಿರಬೇಕು. ಪಕ್ಕದ ಸೀಟು ಖಾಲಿ ಇದ್ದರೆ ನಿಮ್ಮ ಕಾರಿನ ರಿಪೇರಿ ನಿಮ್ಮ ತಲೆ ಮೇಲೆ ಬರಬಹುದು ಅಂತ ಅರ್ಥ. ಗುದ್ದಿಸಿಕೊಂಡವರ ವಿಷಯ ಬೇರೆ. 2004ರಲ್ಲಿ ಸ್ವರಣ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎಲ್‌ಎಲ್ ಕೂಡ ಲೈಸೆನ್ಸೇ, ಬರೀ ಎಲ್‌ಎಲ್ ಇತ್ತು ಅನ್ನೋ ಕಾರಣಕ್ಕೆ ವಿಮೆ ಕಂಪನಿ ಗಾಯಗೊಂಡವರಿಗೆ ಪರಿಹಾರ ಕೊಡೋದರಿಂದ ತಪ್ಪಿಸಿಕೊಳ್ಳುವಂತಿಲ್ಲ ಅಂತ ಹೇಳಿದೆ. ಒಳ್ಳೆಯದಾಯಿತು. ನಾನು ಅವತ್ತು ಸರ್ಕಲ್ಲಿನಲ್ಲಿ ಯಾರಿಗಾದರೂ ಗುದ್ದಿದ್ದರೆ ಅವರ ಮನೆಯವರು ನನ್ನ ಪಕ್ಕ ಯಾರು ಕೂತಿದ್ದರು ಅಂತ ಸಾಬೀತು ಮಾಡುತ್ತಾ ಕೂರಬೇಕಿರಲಿಲ್ಲ.

ದಂಡದ ವಿಷಯಕ್ಕೆ ಬಂದರೆ, 2019ರಲ್ಲಿ ಕೇಂದ್ರ ಸರ್ಕಾರ ಲೈಸೆನ್ಸ್ ಇಲ್ಲದವರ ದಂಡವನ್ನು 500ರಿಂದ 5000ಕ್ಕೆ ಏರಿಸಿತು. ಜನ ಬೈದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ನಮ್ಮ ರಾಜ್ಯ ಸರ್ಕಾರ ಹಲವು ದಂಡಗಳನ್ನು ಇಳಿಸಿತು. ಆಮೇಲೆ 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಅರ್ಧಕ್ಕೆ ಅರ್ಧ ರಿಯಾಯಿತಿ, ಜನ ಸಾಲುಗಟ್ಟಿ ನಿಂತು ಕಟ್ಟಿದರು. 2025ರಲ್ಲಿ ಮತ್ತೊಮ್ಮೆ ರಿಯಾಯಿತಿ. ಆಷಾಢದ ಸೀರೆ ಸೇಲ್ ಆಗಿಹೋಗಿದೆ ಅದು. ಕಾದರೆ ಇಳಿಯುತ್ತದೆ ಅಂತ ಗೊತ್ತಿದ್ದ ಮೇಲೆ ಯಾರು ಹೆದರುತ್ತಾರೆ? ಇದ್ದವರಿಗೆ 5000 ಏನೂ ಅಲ್ಲ, ಗಾರೆ ಕೆಲಸಕ್ಕೆ ಹೋಗುವವನಿಗೆ ಅದು ಒಂದು ವಾರದ ಸಂಪಾದನೆ. ಎರಡೂ ಗಾಡಿ ಮಾತ್ರ ಮುಂದಕ್ಕೆ ಹೋಗುತ್ತಲೇ ಇರುತ್ತವೆ.

ಹಾಗಾಗಿ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ದಂಡ ಬೇಕಾದರೆ ಬಿಡಿ, ಗಾಡಿ ಬಿಡಬೇಡಿ. ಒಬ್ಬರೇ ಹೊರಟ ಎಲ್‌ಎಲ್ ಸಿಕ್ಕರೆ ಬೈಯೋದು ಬೇಡ, ಚೀಟಿ ಬೇಡ, ಮೊದಲ ಸಲವಾದರೆ ದುಡ್ಡೂ ಬೇಡ. ಪಕ್ಕಕ್ಕೆ ನಿಲ್ಲಿಸಿ, ಕೀ ಹಾಗೇ ಇರಲಿ, ಡಿಎಲ್ ಇರೋರನ್ನು ಕರೆಸಿ, ಅವರು ಬಂದು ತೆಗೆದುಕೊಂಡು ಹೋಗಲಿ. ಒಂದು ಗಂಟೆಯೋ ಎರಡು ಗಂಟೆಯೋ ಕಾಯಲಿ. ಇದಕ್ಕೆ ಹೊಸ ಕಾನೂನೂ ಬೇಕಿಲ್ಲ. ಲೈಸೆನ್ಸ್ ಇಲ್ಲದೆ ಓಡಿಸುವ ಗಾಡಿಯನ್ನು ಹಿಡಿದಿಡುವ ಅಧಿಕಾರ 1988ರ ಕಾಯ್ದೆಯ 207ನೇ ಸೆಕ್ಷನ್ನಿನಲ್ಲೇ ಪೊಲೀಸರಿಗೆ ಇದೆ.

ಇದನ್ನು ನಮ್ಮ ದೂರದ ಸಂಬಂಧಿ ಮಾವ ಒಬ್ಬರಿಗೆ ಹೇಳಿದೆ. ಟ್ರಾಫಿಕ್‌ನಲ್ಲಿದ್ದು ರಿಟೈರ್ ಆದವರು. ಪೂರ್ತಿ ಕೇಳಿಸಿಕೊಂಡು, ಎಲೆಗೆ ಸುಣ್ಣ ಸವರುತ್ತಾ, "ಗಾಡಿ ನಿಲ್ಲಿಸ್ಕೊಳೋಕೆ ಜಾಗ ಎಲ್ಲೈತವ್ವ?" ಅಂದರು. ಅವರ ಲೆಕ್ಕ ಹೀಗೆ. ಒಂದು ಗಾಡಿ ಹಿಡಿದರೆ ಅದು ಕಳೆದರೆ, ಗೀರಾದರೆ ಜವಾಬ್ದಾರಿ ಹಿಡಿದವರದು. ಒಂದು ಸಂಜೆಗೆ ಹತ್ತು ಎಲ್‌ಎಲ್ ಸಿಕ್ಕರೆ ಸರ್ಕಲ್ಲೇ ಸ್ಟ್ಯಾಂಡ್ ಆಗುತ್ತದೆ. ಅಷ್ಟರಲ್ಲಿ ಫೋನ್ ಶುರು. "ಒಂದ್ನಿಮಿಷ ಮಾತಾಡಿ ಸಾರ್" ಅಂತ ಹುಡುಗ ತನ್ನ ಫೋನನ್ನೇ ಇವರ ಕೈಗೆ ಕೊಡುತ್ತಾನೆ, ಆ ಕಡೆಯಿಂದ ಯಾರೋ ಮುಖಂಡರು, ನಮ್ಮ ಹುಡುಗ ಬಿಟ್ಬಿಡಿ ಅನ್ನುತ್ತಾರೆ. "ಚೀಟಿ ಹಾಕಿದ್ರೆ ಚೀಟಿ ಹಾಕಾಯ್ತು ಅನ್ನಬೋದು. ಗಾಡಿ ಹಿಡ್ಕೊಂಡ್ರೆ ಬಿಡೋವರ್ಗೂ ಫೋನೇ." ಮೂವತ್ತು ವರ್ಷ ಬಿಸಿಲಲ್ಲಿ ನಿಂತವರ ಮಾತು, ತಳ್ಳಿಹಾಕೋಕೆ ಆಗೋದಿಲ್ಲ. ಆದರೂ ಹತ್ತು ಗಾಡಿ ನಿಂತರೆ ಹತ್ತು ಮನೆಗೆ ಗೊತ್ತಾಗುತ್ತದಲ್ಲ ಮಾವ, ಅಂದೆ. "ಗೊತ್ತಾಯ್ತದೆ, ಗೊತ್ತಾಯ್ತದೆ" ಅಂತ ನಕ್ಕರು. ನನ್ನ ಪರವೋ ವಿರುದ್ಧವೋ ತಿಳಿಯಲಿಲ್ಲ.

ಹೀಗೆ ಗಾಡಿ ಹಿಡಿಯುವ ದೇಶ ಒಂದಿದೆ, ಐರ್ಲೆಂಡ್. ಅಲ್ಲಿ 2015ರ ಡಿಸೆಂಬರ್ 22ರಂದು ಕಾರ್ಕ್ ಕೌಂಟಿಯಲ್ಲಿ ಒಬ್ಬಳು ತಾಯಿ, ಅವಳ ಮಗಳು ಹೋಗುತ್ತಿದ್ದ ಕಾರಿಗೆ ಇನ್ನೊಂದು ಕಾರು ಗುದ್ದಿತು. ತಾಯಿ ಮಗಳ ಕಾರು ನೀರು ತುಂಬಿದ ಕಾಲುವೆಗೆ ಮಗುಚಿ ಇಬ್ಬರೂ ಮುಳುಗಿ ಸತ್ತರು. ಗುದ್ದಿದ ಕಾರನ್ನು ಓಡಿಸುತ್ತಿದ್ದವರು ಕಲಿಯುವವರು, ಪಕ್ಕದಲ್ಲಿ ಯಾರೂ ಇರಲಿಲ್ಲ. ಸತ್ತವರ ಮನೆಯ ಯಜಮಾನ ಮೂರು ವರ್ಷ ಹಟ ಹಿಡಿದು ಕೂತ. ಸರಿಯಾಗಿ ಅದೇ ತಾರೀಕು, 2018ರ ಡಿಸೆಂಬರ್ 22ಕ್ಕೆ ಹೊಸ ಕಾನೂನು ಜಾರಿಗೆ ಬಂತು. ಕ್ಲ್ಯಾನ್ಸಿ ತಿದ್ದುಪಡಿ ಅಂತ ಆ ಮನೆಯವರ ಹೆಸರಿನಲ್ಲೇ ಕರೆಯುತ್ತಾರೆ. ಒಬ್ಬರೇ ಹೊರಟ ಕಲಿಯುವವರ ಕಾರನ್ನು ಅಲ್ಲಿನ ಪೊಲೀಸರು ವಶಕ್ಕೆ ತೆಗೆದುಕೊಳ್ಳಬಹುದು, ಗೊತ್ತಿದ್ದೂ ಕಾರು ಕೊಟ್ಟ ಮಾಲೀಕರ ಮೇಲೂ ಕೇಸ್. ಹಳ್ಳಿಗಾಡಿನ ಜನ ವಿರೋಧ ಮಾಡಿದರು, ಬಸ್ಸಿಲ್ಲದ ಕಡೆ ನಮ್ಮ ಮಕ್ಕಳು ಕೆಲಸಕ್ಕೆ ಹೋಗೋದು ಹೇಗೆ ಅಂತ. ಆ ಪ್ರಶ್ನೆ ನಮ್ಮ ನಾಗಮಂಗಲದವರೋ ಕೆ.ಆರ್. ಪೇಟೆಯವರೋ ಕೇಳಿದ ಹಾಗೇ ಇದೆ. ಇನ್ನೊಂದು, ಅಲ್ಲಿ ಪಕ್ಕ ಕೂರುವವರಿಗೆ ಲೈಸೆನ್ಸ್ ಬಂದು ಎರಡು ವರ್ಷವಾದರೂ ಆಗಿರಬೇಕು. ನಮ್ಮ ಮೂರನೇ ನಿಯಮದಲ್ಲಿ ಆ ಮಾತೇ ಇಲ್ಲ. ಸೋಮವಾರ ಡಿಎಲ್ ಬಂದವನು ಮಂಗಳವಾರ ಗುರು.

ನೀರು ತುಂಬಿದ ಕಾಲುವೆ ಅಂದಾಗ ನನಗೆ ನಾಲೆ ಏರಿ ಕಣ್ಮುಂದೆ ಬಂತು. ನನ್ನ ತಮ್ಮ ಊರಲ್ಲೇ ಇದ್ದಾನೆ, ಕಬ್ಬು ಬೆಳೆಯುತ್ತಾನೆ. ಅವನ ಮಗನಿಗೂ ಈ ವರ್ಷವೇ ಹದಿನೆಂಟು ತುಂಬಿತು. ಎಲ್ಲಿ ಕಾರು ಕಲಿಯುತ್ತಿದ್ದಾನೋ ಅಂತ ಕೇಳಿದರೆ, "ನಾಲೆ ಏರಿ ಮ್ಯಾಲೆ. ಅಲ್ಲಿ ಪೊಲೀಸೂ ಇಲ್ಲ, ಟ್ರಾಫಿಕ್ಕೂ ಇಲ್ಲ, ಆರಾಮಾಗಿ ಕಲ್ತ್ಕತಾನೆ ಬುಡಕ್ಕ" ಅಂದ. ವಿ.ಸಿ. ನಾಲೆ ಅದು. 2018ರ ನವೆಂಬರ್ 24ರಂದು ಪಾಂಡವಪುರ ತಾಲೂಕಿನ ಕನಗನಮರಡಿ ಹತ್ತಿರ ಬಸ್ಸು ಅದೇ ನಾಲೆಗೆ ಬಿದ್ದು 30 ಜನ ಸತ್ತರು, ಶಾಲೆ ಬಿಟ್ಟು ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. ಅದೇ ರಾತ್ರಿ ಅಂಬರೀಷ್ ತೀರಿಕೊಂಡರು. ಮಂಡ್ಯದವರು ಆ ಶನಿವಾರವನ್ನು ಮರೆಯೋದಿಲ್ಲ. ಅದು ಕಲಿಯುವವರು ಮಾಡಿದ ಅಪಘಾತ ಅಲ್ಲ, ಸರಿ. ಆದರೆ ನೀರಿಗೆ ಬಿದ್ದ ಗಾಡಿಗೆ ಓಡಿಸಿದವರ ಲೈಸೆನ್ಸ್ ಯಾವುದು ಅಂತ ಗೊತ್ತಾಗುತ್ತದೆಯೇ? ಟೌನಿನಲ್ಲಿ ಬಿಗಿ ಮಾಡಿದಷ್ಟೂ ಕಲಿಯುವ ಹುಡುಗರು ಇಂಥ ಕಡೆ ಹೋಗುತ್ತಾರೆ. ಪೊಲೀಸರ ಭಯ ಅವರನ್ನು ಕಲಿಯೋದರಿಂದ ತಪ್ಪಿಸೋದಿಲ್ಲ, ಕಲಿಯುವ ಜಾಗವನ್ನಷ್ಟೇ ಬದಲಾಯಿಸುತ್ತದೆ. ತಾಲೂಕಿಗೊಂದು ಮೈದಾನ, ಟಾರು ಹಾಕಿ, ಎರಡು ತಿರುವು, ಒಂದು ಏರು ಮಾಡಿ, ಭಾನುವಾರ ಬಿಟ್ಟುಕೊಡಿ. ಸಂತೆಗೆ ಜಾಗ ಇದೆ, ಕಲಿಯೋದಕ್ಕೆ ಇಲ್ಲ ಅಂದರೆ ಹೇಗೆ?

ತಮ್ಮನಿಗೆ ಬೈದೆ. ಅವನು ಸುಮ್ಮನೆ ಕೇಳಿಸಿಕೊಂಡು, "ನೀನು ಮೈಸೂರಲ್ಲಿ ಖಾಲಿ ಸೈಟು ಸುತ್ತೀಯ, ನಮಗಿರೋದು ಏರಿ" ಅಂದ. ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಹುಡುಗನ ಪಕ್ಕ ಅಪ್ಪನೇ ಕೂರುತ್ತಾನಂತೆ, ಅಷ್ಟಾದರೂ ಆಯಿತು. ತಮ್ಮನ ಹೊಸ ಕಾರಿನಲ್ಲಿ ಹ್ಯಾಂಡ್ ಬ್ರೇಕ್ ಲಿವರ್ ಇಲ್ಲ, ಬಟನ್. ಹಳೇ ಕಾರಿನಲ್ಲಿ ಪಕ್ಕ ಕೂತವರ ಕೈಗೆ ಸಿಗುತ್ತಿದ್ದಿದ್ದು ಅದೊಂದೇ, ಸಟ್ ಅಂತ ಎಳೆಯಬಹುದಿತ್ತು. ಗಾಬರಿಯಲ್ಲಿ ಬಟನ್ ಹುಡುಕಿ ಎತ್ತಿ ಹಿಡಿಯೋದು ನನಗಂತೂ ಆಗದ ಕೆಲಸ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು ಒಪ್ಪಿಕೊಳ್ಳಬೇಕು. ದೇಶದಲ್ಲಿ 2022ರಲ್ಲಿ 1.68 ಲಕ್ಷ ಜನ ರಸ್ತೆಯಲ್ಲಿ ಸತ್ತರು. ಅಪಘಾತ ಮಾಡಿದವರಲ್ಲಿ ಬಹುಪಾಲು ಪಕ್ಕಾ ಡಿಎಲ್ ಇರುವವರೇ. ಎಲ್‌ಎಲ್‌ನವರನ್ನೆಲ್ಲ ಮನೆಯಲ್ಲಿ ಕೂರಿಸಿದರೂ ರಾಂಗ್ ಸೈಡಿನಲ್ಲಿ ಬರುವ, ಫೋನ್ ಒತ್ತುತ್ತಾ ಬರುವ, ಕುಡಿದು ಬರುವ ಡಿಎಲ್‌ಗಳು ಇದ್ದೇ ಇರುತ್ತವೆ. ಹೊಸಬರಿಗೆ ಭಯವಾದರೂ ಇರುತ್ತದೆ. ನನ್ನ ಮಗಳು ಇಂಡಿಕೇಟರ್ ಹಾಕದೆ ತಿರುಗಿಸೋದಿಲ್ಲ, ನಮ್ಮನೆಯವರು ಇಂಡಿಕೇಟರ್ ಹಾಕಿದ್ದನ್ನು ನಾನು ನೋಡೇ ಇಲ್ಲ. ಅದಕ್ಕೇ ಬಡಾವಣೆಯೊಳಗೆ ಹೆಲ್ಮೆಟ್ ಹಾಕಿ, ಎಲ್ ಕಟ್ಟಿ, ನಿಧಾನಕ್ಕೆ ಸುತ್ತುವ ಸ್ಕೂಟರ್ ಹುಡುಗಿಯನ್ನು ಕಂಡರೆ ಪೊಲೀಸರು ಆ ಕಡೆ ಮುಖ ತಿರುಗಿಸಿಕೊಂಡು ಟೀ ಕುಡಿಯಲಿ ಅನ್ನಿಸುತ್ತದೆ ನನಗೆ. ರಿಂಗ್ ರೋಡಿಗೆ ಬಂದಳೋ, ನಿಲ್ಲಿಸಲಿ. ಒಬ್ಬರೇ ಕಾರು ತಂದರೋ, ಎಲ್ಲಿದ್ದರೂ ನಿಲ್ಲಿಸಲಿ. ಕಾನೂನಿನಲ್ಲಿ ಈ ವ್ಯತ್ಯಾಸ ಇಲ್ಲ, ಗೊತ್ತು. ಹಿಂದಿನ ಸೀಟಿನಲ್ಲಿ ಕೂತು ನೋಡಿದ್ದರೆ ಇರುತ್ತಿತ್ತು.

ಇದೆಲ್ಲ ಬರೆಯೋಕೆ ಕೂತಿದ್ದಕ್ಕೆ ಕಾರಣ ಹೋದ ಗುರುವಾರ. ಮಧ್ಯಾಹ್ನ ಮೂರೂವರೆಗೆ ಮಗಳ ಫೋನ್. ಆಫೀಸಿನಲ್ಲಿದ್ದೆ.

"ಅಮ್ಮ, ಬೈಬೇಡ."

ಬೆಳಿಗ್ಗೆ ನಾನು ಹೊರಟ ಮೇಲೆ ಸ್ಕೂಟರ್ ತೆಗೆದುಕೊಂಡು ಹೋಗಿದ್ದಳು. ಎಲ್ ಮಾತ್ರ ಕಿತ್ತಿರಲಿಲ್ಲ, ಅದಕ್ಕೇ ಸಿಕ್ಕಿಬಿದ್ದಿದ್ದು. ಪೊಲೀಸರು ದಂಡ ಹಾಕಲಿಲ್ಲವಂತೆ. ಮನೆಯಿಂದ ಡಿಎಲ್ ಇರೋರು ಯಾರಾದರೂ ಬರಲಿ, ಅಲ್ಲಿವರೆಗೂ ಅಲ್ಲೇ ನೆರಳಲ್ಲಿ ಕೂತಿರು ಅಂದಿದ್ದಾರೆ. ನಾನು ಇಷ್ಟು ದಿನ ಯಾರು ಯಾರ ಮುಂದೆಲ್ಲ ವಾದ ಮಾಡುತ್ತಿದ್ದೆನೋ, ಅದನ್ನೇ ಒಬ್ಬರು ಮಾಡಿ ತೋರಿಸಿದ್ದರು. ಬೈಯೋಕೆ ಬಾಯಿ ಬರಲಿಲ್ಲ. ಆಟೋ ಹಿಡಿದು ಹೋದೆ.

ಮರದ ಕೆಳಗೆ ಮುಖ ಊದಿಸಿಕೊಂಡು ಕೂತಿದ್ದಳು. ನಾನು ಹೆಮ್ಮೆಯಿಂದಲೇ ಪರ್ಸಿನಿಂದ ಡಿಎಲ್ ತೆಗೆದುಕೊಟ್ಟೆ. ಆ ಹುಡುಗ, ಇಪ್ಪತ್ತೇಳು ಇಪ್ಪತ್ತೆಂಟು ಇರಬೇಕು, ಕಾರ್ಡ್ ನೋಡಿದ. ತಿರುಗಿಸಿ ನೋಡಿದ. ಮತ್ತೆ ನನ್ನ ಮುಖ ನೋಡಿದ.

"ಮೇಡಂ, ಇದರಲ್ಲಿ ಎಲ್‌ಎಂವಿ ಮಾತ್ರ ಇದೆ. ಕಾರಿಂದು. ಟೂ ವೀಲರ್ ಹಾಕ್ಸೇ ಇಲ್ಲ ನೀವು."

ಕಾಲೇಜಿನ ಕಾಲದಿಂದ ನಾನು ಲೂನಾ, ಸ್ಕೂಟಿ ಎಲ್ಲ ಓಡಿಸಿದವಳು. ಆಗ ಯಾರು ಕೇಳುತ್ತಿದ್ದರು ಲೈಸೆನ್ಸು? ಕಾರಿನ ಡಿಎಲ್ ಬಂದ ಮೇಲೆ ಕಾರೇ ಓಡಿಸುವವಳಿಗೆ ಸ್ಕೂಟರ್ ಯಾವ ಲೆಕ್ಕ ಅಂದುಕೊಂಡು ಕಾರ್ಡನ್ನು ಸರಿಯಾಗಿ ನೋಡಿಯೇ ಇರಲಿಲ್ಲ. ಆ ಗಾಡಿ ಓಡಿಸಲು ಲೈಸೆನ್ಸ್ ಇರುವವರು ಜೊತೆಗಿರಬೇಕು ಅಂತ ಮೂರನೇ ನಿಯಮ ಓದಿ, ಸ್ಕೇಲ್ ಹಿಡಿದು ಎಲ್ ಅಂಟಿಸಿ, ನಾಲ್ಕೈದು ದಿನ ಹಿಂದೆ ಕೂತು ಕಿರುಚಿದವಳು ನಾನೇ.

"ನಮ್ಮನೆಯವರಿಗೆ ಫೋನ್ ಮಾಡ್ತೀನಿ" ಅಂದೆ.

"ಮಾಡಿ ಮೇಡಂ. ಕೂತ್ಕೊಳ್ಳಿ."

ಮಗಳ ಪಕ್ಕ ಹೋಗಿ ಕೂತೆ. ಅವಳು ಎರಡು ನಿಮಿಷ ತಡೆದುಕೊಂಡಳು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಗೋಕೆ ಶುರು ಮಾಡಿದಳು. ನಮ್ಮನೆಯವರು ಹೂಟಗಳ್ಳಿಯಿಂದ ಬರುವ ಹೊತ್ತಿಗೆ ಐದೂಕಾಲು. ಅವರ ಕಾರ್ಡಿನಲ್ಲಿ ಎರಡೂ ಇತ್ತು. ಸ್ಕೂಟರ್ ಹತ್ತಿ, ನಮ್ಮಿಬ್ಬರನ್ನೂ ಒಂದು ಸಲ ನೋಡಿ, ಇಂಡಿಕೇಟರ್ ಹಾಕದೆ ಹೊರಟರು. ನಾವು ಆಟೋ ಹತ್ತಿದೆವು.

"ನಿನಗೂ ಎಲ್‌ಎಲ್ ಹಾಕೋಣ್ವಾ ಅಮ್ಮ, ಇವತ್ತೇ?" ಅಂದಳು ದಾರಿಯಲ್ಲಿ.

ರಾತ್ರಿ ಊಟ ಆದ ಮೇಲೆ ಲ್ಯಾಪ್‌ಟಾಪ್ ಹಿಡಿದು ಕೂತು ಅರ್ಜಿ ತುಂಬಿದಳು. ಟೇಪು ಇನ್ನೂ ಅರ್ಧ ರೋಲ್ ಇದೆ.